ಬ್ರೇಕ್ ಮೇಷ್ಟ್ರ ಪ್ರತಿಭಾ ಹೋರಾಟ

ಬ್ರೇಕ್ ಮೇಷ್ಟ್ರಿಗೆ ಎರಡು ಕಾಲುಗಳಿದ್ದರೂ ಅವರ ಮಾತು ಕೇಳುತ್ತಿದ್ದದ್ದು ಎಡಗಾಲು ಮಾತ್ರ. ಬಲಗಾಲು ಸ್ವತಂತ್ರವಾಗಿತ್ತು. ಕಾರು ಕಲಿಸುವ ಶಾಲೆಯಲ್ಲಿ ವರ್ಷಗಟ್ಟಲೆ ಪಕ್ಕದ ಸೀಟಿನಲ್ಲಿ ಕೂತು, ಕಲಿಯುವವರು ಕಂಬದ ಕಡೆಗೋ ಕಾಂಪೌಂಡಿನ ಕಡೆಗೋ ಹೊರಟಾಗಲೆಲ್ಲ ತಮ್ಮ ಕಡೆಯ ಬ್ರೇಕನ್ನು ತುಳಿದೂ ತುಳಿದೂ ಆ ಕಾಲಿಗೆ ತಲೆಯ ಅಪ್ಪಣೆ ಕೇಳುವ ಅಭ್ಯಾಸವೇ ತಪ್ಪಿಹೋಗಿತ್ತು. ಮನೆಯಲ್ಲಿ ಹಾಲು ಉಕ್ಕಲು ಬಂದರೆ ತುಳಿಯುತ್ತಿತ್ತು. ಹೆಂಡತಿ ತನ್ನ ಅಣ್ಣನ ಸುದ್ದಿ ಎತ್ತಿದರೆ ತುಳಿಯುತ್ತಿತ್ತು. ಒಮ್ಮೆ ಸಿನಿಮಾದಲ್ಲಿ ನಾಯಕ ಪ್ರಪಾತದ ಅಂಚಿಗೆ ಕಾರು ಓಡಿಸಿದಾಗ ಮುಂದಿನ ಸೀಟಿನವರ ಬೆನ್ನಿಗೆ ತುಳಿದು, ಮಧ್ಯಂತರದ ತನಕ ಅವರ ಕ್ಷಮೆ ಕೇಳುತ್ತ ಕೂತಿದ್ದರು.

ಕಾಲು ಇಷ್ಟು ಚುರುಕಾಗಿದ್ದ ಮನುಷ್ಯನಿಗೆ ನಾಲಿಗೆಯ ಮೇಲೆ ಮಾತ್ರ ಯಾವ ಹಿಡಿತವೂ ಇರಲಿಲ್ಲ. ಈ ಕಥೆಯ ಅನಾಹುತವೆಲ್ಲ ಅಲ್ಲಿಂದಲೇ ಹೊರಟಿದ್ದು.

ಮೇಷ್ಟ್ರ ಮಗಳು ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದಳು. ಆ ಹೈಸ್ಕೂಲಿನಲ್ಲಿ ಪ್ರತಿಭಾ ತರಗತಿ ಅಂತ ಒಂದಿತ್ತು. ಪರೀಕ್ಷೆ ಬರೆಸಿ ಆರಿಸಿದ ಮಕ್ಕಳು ಪ್ರತಿ ಶನಿವಾರ ಮಧ್ಯಾಹ್ನ ಮೇಲಿನ ಮಹಡಿಯ ಕೋಣೆಯಲ್ಲಿ ಕೂತು ಕಷ್ಟದ ಲೆಕ್ಕಗಳ ಜೊತೆ ಗುದ್ದಾಡುತ್ತಿದ್ದರು. ಆ ಕೋಣೆಗೆ ಹೊಸ ಫ್ಯಾನುಗಳಿದ್ದವು, ಗಾಜಿನ ಬಾಗಿಲಿತ್ತು, ಬಾಗಿಲ ಮೇಲೆ ‘ಆಯ್ದ ವಿದ್ಯಾರ್ಥಿಗಳಿಗೆ ಮಾತ್ರ’ ಎಂಬ ಬೋರ್ಡಿತ್ತು. ಒಳಗೆ ಏನು ಕಲಿಸುತ್ತಾರೆ ಅನ್ನುವುದು ಪೋಷಕರಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಬೋರ್ಡು ಮಾತ್ರ ಎಲ್ಲರಿಗೂ ಬಾಯಿಪಾಠವಾಗಿತ್ತು.

ಮಗಳೂ ಪರೀಕ್ಷೆ ಬರೆದಳು. ಆಯ್ಕೆಯಾಗಲಿಲ್ಲ. ಸುದ್ದಿ ಬಂದ ಸಂಜೆ ಅವಳು ಸ್ವಲ್ಪ ಹೊತ್ತು ಅತ್ತಳು, ಮುಖ ತೊಳೆದಳು, ಊಟ ಮಾಡಿ ಮಲಗಿದಳು. ಊಟ ಬಿಟ್ಟವರು ಮೇಷ್ಟ್ರು.

ಮರುದಿನ ಬೆಳಗ್ಗೆ ಮೆಟ್ಟಿಲಿಳಿಯುವಾಗ ಕೆಳಗಿನ ಔಷಧಿ ಅಂಗಡಿಯ ಯಜಮಾನರು ಎದುರಾದರು. ಅದೇ ಕಟ್ಟಡದ ಮೊದಲನೇ ಮಹಡಿಯಲ್ಲಿ ಅವರ ಮನೆ. ಯಾರಿಗೆ ಯಾವ ಕಾಯಿಲೆ ಎಂಬುದರಿಂದ ಹಿಡಿದು ಯಾರ ಮನೆಗೆ ಯಾರು ಬಂದರು ಎಂಬುದರ ತನಕ ಎಲ್ಲವೂ ಅವರಿಗೆ ಬೇಕು.

“ಏನ್ ಮೇಷ್ಟ್ರೇ, ಪ್ರತಿಭಾ ತರಗತಿ ಆಯ್ಕೆ ಆಯ್ತಲ್ಲ! ನಮ್ಮ ಹುಡುಗ ಹೊಡೆದೇಬಿಟ್ಟ ಸೀಟು. ನಿಮ್ಮ ಮಗಳದು?”

“ಅವಳದೇನು ಕೇಳ್ತೀರಿ…” ಎಂದು ಮೇಷ್ಟ್ರು ಶುರುಮಾಡಿದರು. ‘ಆಗಲಿಲ್ಲ’ ಎಂದು ಮುಗಿಸುವುದೇ ಅವರ ಪ್ರಾಮಾಣಿಕ ಇರಾದೆಯಾಗಿತ್ತು. ಆದರೆ ಯಜಮಾನರ ಮುಖದಲ್ಲಿ ಅಷ್ಟರಲ್ಲಾಗಲೇ ‘ಅಯ್ಯೋ ಪಾಪ’ ಎಂಬುದು ಅರ್ಧ ಮೂಡಿಬಿಟ್ಟಿತ್ತು. ಅದನ್ನು ಕಂಡದ್ದೇ ತಡ, ಮೇಷ್ಟ್ರ ನಾಲಿಗೆ ಗೇರು ಬದಲಾಯಿಸಿತು. “ಅವಳು ಮೊದಲನೇ ಸಾಲಲ್ಲೇ ಇದ್ದಾಳಲ್ಲ!”

ಯಜಮಾನರು ಕೈಕುಲುಕಿದರು. ಸಂಜೆಯ ಹೊತ್ತಿಗೆ ಕಟ್ಟಡದವರೆಲ್ಲ ಕೈಕುಲುಕಿದರು. ಮೇಷ್ಟ್ರು ಮನೆಗೆ ಬಂದು ಹೆಂಡತಿಗೆ ಅಡುಗೆಮನೆಯಲ್ಲಿ ಗುಟ್ಟಾಗಿ ವಿಷಯ ತಿಳಿಸಿದರು.

“ಕಲಿಯೋರು ಕಂಬಕ್ಕೆ ಗುದ್ದಿದ್ರೆ ನೀವು ಬೈತೀರಿ,” ಎಂದಳು ಹೆಂಡತಿ. “ಮೇಷ್ಟ್ರೇ ಗುದ್ದಿದ್ರೆ ಯಾರ್ರೀ ಬೈಬೇಕು?”

“ಒಂದು ವಾರ ಹೋದ್ರೆ ಎಲ್ಲರೂ ಮರೀತಾರೆ ಬಿಡೇ. ಅವಳ ಕಿವಿಗೆ ಬೀಳದಿದ್ರೆ ಸಾಕು.”

ಮರೆಯುತ್ತಿದ್ದರೋ ಏನೋ. ಅಷ್ಟರಲ್ಲಿ ಶಾಲೆಗೆ ಹೊಸ ಹೆಡ್ ಮೇಡಂ ಬಂದರು.

ಹಿಂದಿನ ಹೆಡ್ ಮಾಸ್ತರರು ಕೋಟು ಹಾಕುತ್ತಿದ್ದರು, ಸಿಡುಕುತ್ತಿದ್ದರು, ಪೋಷಕರನ್ನು ಬಾಗಿಲ ಹೊರಗೆ ಅರ್ಧ ದಿನ ಕಾಯಿಸುತ್ತಿದ್ದರು. ಆದ್ದರಿಂದ ಅವರ ಮೇಲೆ ಎಲ್ಲರಿಗೂ ಅಪಾರ ಗೌರವವಿತ್ತು. ಈ ಮೇಡಂ ಹೋದವರನ್ನು ತಕ್ಷಣ ಒಳಗೆ ಕರೆದು ಕುರ್ಚಿ ತೋರಿಸುತ್ತಿದ್ದರು. ತರಗತಿಗಳಿಗೆ ಹೋಗಿ ಕೊನೆಯ ಬೆಂಚಿನಲ್ಲಿ ಮಕ್ಕಳ ಜೊತೆ ಕೂರುತ್ತಿದ್ದರು. ಕಾವಲುಗಾರನ ಜೊತೆ ಗೇಟಿನ ಹತ್ತಿರ ನಿಂತು ಟೀ ಕುಡಿದದ್ದನ್ನು ಕಣ್ಣಾರೆ ಕಂಡವರಿದ್ದರು. ಇಂಥವರ ಕೈಯಲ್ಲಿ ಶಾಲೆಯ ಗತಿ ಏನಾಗಬೇಕು ಎಂದು ಪೋಷಕರಿಗೆ ದಿಗಿಲು ಹುಟ್ಟಿತು. ಒಂದು ಸೋಮವಾರ ಅವರು ಪ್ರತಿಭಾ ತರಗತಿಯ ಬಾಗಿಲ ಬೋರ್ಡನ್ನು ತೆಗೆಸಿದ ಮೇಲಂತೂ ದಿಗಿಲು ರೋಷವಾಯಿತು.

“ಬೋರ್ಡೇ ಹೋಯ್ತು ಅಂದ್ರೆ ಇನ್ನೇನು ಉಳೀತು ಮೇಷ್ಟ್ರೇ?” ಎಂದರು ಔಷಧಿ ಯಜಮಾನರು. “ಶನಿವಾರ ಪೋಷಕರ ಸಭೆ ಕರೆದಿದಾರೆ. ನೀವು ಬರಲೇಬೇಕು. ನಿಮ್ಮ ಮಗಳು ಮೊದಲನೇ ಸಾಲಿನವಳು!”

ಸಭೆಯ ದಿನ ಮೇಷ್ಟ್ರು ನಸುಕಿನಿಂದ ಪಾಠ ಮಾಡಿ ಬಂದಿದ್ದರು. ಅಂದಿನ ಕೊನೆಯ ಶಿಷ್ಯ ಒಬ್ಬ ದಪ್ಪನೆಯ ಗೃಹಸ್ಥ. ಬಲಕ್ಕೆ ತಿರುಗಿಸಿ ಎಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಅವನ ದೆಸೆಯಿಂದ ಮೇಷ್ಟ್ರ ನರಗಳೆಲ್ಲ ಸಡಿಲವಾಗಿದ್ದವು. ಹಿಂದಿನ ಸಾಲಿನಲ್ಲಿ ಮರೆಯಾಗಿ ಕೂರೋಣ ಎಂದು ಹೋದವರನ್ನು ಯಜಮಾನರು ರಟ್ಟೆ ಹಿಡಿದು ಮುಂದಿನ ಸಾಲಿಗೆ ಎಳೆದರು. ಎದುರಿಗೇ ಮರದ ಹಲಗೆಯ ವೇದಿಕೆ. ಅದರ ಕೆಳಗೆ ಟೊಳ್ಳು. ಮೇಷ್ಟ್ರು ಕಾಲು ಚಾಚಿದರೆ ಪಾದ ನೇರವಾಗಿ ಹಲಗೆಗೆ ತಾಗುತ್ತಿತ್ತು.

ಹೆಡ್ ಮೇಡಂ ಅವರದು ಮೆತ್ತನೆಯ ದನಿ. ಮೇಲೆ ಫ್ಯಾನು. ಮೇಡಂ ಮೂರನೇ ವಾಕ್ಯಕ್ಕೆ ಬರುವಷ್ಟರಲ್ಲಿ ಮೇಷ್ಟ್ರು ನಿದ್ದೆಗೆ ಜಾರಿದ್ದರು. ಮೇಡಂ ಹತ್ತು ನಿಮಿಷ ಮಾತಾಡಿದರು. ಪ್ರತಿಭಾ ತರಗತಿಯನ್ನು ಏನು ಮಾಡುತ್ತೇನೆ, ಯಾಕೆ ಮಾಡುತ್ತೇನೆ ಎಂದು ಬಿಡಿಸಿ ಬಿಡಿಸಿ ಹೇಳಿದರು. ಅಷ್ಟು ಹೊತ್ತು ಮೇಷ್ಟ್ರು ಕನಸಿನಲ್ಲಿ ಆ ದಪ್ಪ ಗೃಹಸ್ಥನ ಪಕ್ಕದಲ್ಲಿದ್ದರು. ಎದುರಿನಿಂದ ಹಾಲಿನ ವ್ಯಾನು ಬರುತ್ತಿತ್ತು. ಗೃಹಸ್ಥ ಕಣ್ಣು ಮುಚ್ಚಿಕೊಂಡಿದ್ದ.

“ಇದಕ್ಕೆ ನಿಮ್ಮಲ್ಲಿ ಯಾರದಾದರೂ ವಿರೋಧ ಇದೆಯಾ?” ಎಂದು ಮೇಡಂ ಕೇಳಿದರು. ಗೊಣಗುವವರು ಬೇಕಾದಷ್ಟಿದ್ದರು, ಎದ್ದು ನಿಲ್ಲುವವರಿರಲಿಲ್ಲ. ಹಾಲಿನ ವ್ಯಾನು ಮೂಗಿನ ನೇರಕ್ಕೆ ಬಂತು.

ಧಡ್!

ಟೊಳ್ಳು ವೇದಿಕೆ ಗುಡುಗಿತು. ಮೇಡಂ ಎದುರಿನ ನೀರಿನ ಲೋಟ ಹಾರಿ ಬಿತ್ತು. ಮೈಕು ಕಿರುಚಿತು. “ನಿಲ್ಸಿ! ನಿಲ್ಸೀ!” ಎಂದು ಗಂಟಲು ಹರಿಯುವ ಹಾಗೆ ಕೂಗಿಕೊಂಡು ಮೇಷ್ಟ್ರು ಎದ್ದು ನಿಂತರು. ಕಣ್ಣು ಬಿಟ್ಟಾಗ ಹಾಲಿನ ವ್ಯಾನಿರಲಿಲ್ಲ. ಇಡೀ ಸಭಾಂಗಣ ಅವರನ್ನೇ ನೋಡುತ್ತಿತ್ತು.

ಆಮೇಲೆ ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಚಪ್ಪಾಳೆಗೆ ಚಪ್ಪಾಳೆ ಸೇರಿತು. ಮೇಡಂ ಸಮಾಧಾನದಿಂದ ಲೋಟವನ್ನು ಎತ್ತಿ ನಿಲ್ಲಿಸಿ, “ಇಷ್ಟು ಬಲವಾದ ವಿರೋಧ ಇದೆ ಅಂತ ನನಗೆ ತಿಳಿದಿರಲಿಲ್ಲ. ಹಾಗಾದರೆ ಸದ್ಯಕ್ಕೆ ತಡೆಹಿಡೀತೀನಿ. ಮೇಲಧಿಕಾರಿಗಳ ಮುಂದೆ ಇಬ್ಬರ ಮಾತೂ ಇಡೋಣ,” ಎಂದು ಸಭೆ ಮುಗಿಸಿದರು. ಮೇಷ್ಟ್ರನ್ನು ಜನ ಹೆಗಲ ಮೇಲೆ ಹೊತ್ತುಕೊಳ್ಳಲಿಲ್ಲ ಅನ್ನುವುದೊಂದು ಬಿಟ್ಟರೆ ಉಳಿದ ಮರ್ಯಾದೆಯೆಲ್ಲ ಆಯಿತು.

ತಾವು ತಡೆದದ್ದು ಏನನ್ನು ಎಂಬುದು ಮಾತ್ರ ಮೇಷ್ಟ್ರಿಗೆ ಗೊತ್ತಿರಲಿಲ್ಲ. ಕೇಳುವಂತೆಯೂ ಇರಲಿಲ್ಲ. ಬಹುಶಃ ಪ್ರತಿಭಾ ತರಗತಿಯನ್ನು ಮುಚ್ಚಲು ಹೊರಟಿದ್ದರು ಎಂದು ಅಂದಾಜು ಮಾಡಿಕೊಂಡರು. ಛೆ, ಮುಚ್ಚಿಬಿಟ್ಟಿದ್ದರೆ ತಮ್ಮ ಸುಳ್ಳೂ ಅದರ ಜೊತೆಗೇ ಮುಚ್ಚಿಹೋಗುತ್ತಿತ್ತಲ್ಲ ಎಂದು ದಾರಿಯುದ್ದಕ್ಕೂ ಕೈ ಕೈ ಹಿಸುಕಿಕೊಂಡರು.

ಅದೇ ಸಂಜೆ ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ, ಕೆಮ್ಮಿನ ಔಷಧಿಯ ಪೆಟ್ಟಿಗೆಗಳ ನಡುವೆ, ‘ಪ್ರತಿಭಾ ತರಗತಿ ಉಳಿಸಿ ಸಮಿತಿ’ ಹುಟ್ಟಿತು. ಯಜಮಾನರು ಕಾರ್ಯದರ್ಶಿ. ಎದುರು ರಸ್ತೆಯ ಹಲ್ಲಿನ ಡಾಕ್ಟರಮ್ಮ ಉಪಾಧ್ಯಕ್ಷೆ. ಮೂಲೆಮನೆಯ ವಕೀಲರು ಕಾನೂನು ಸಲಹೆಗಾರರು. ಅಧ್ಯಕ್ಷರು ಯಾರು ಎಂಬ ಪ್ರಶ್ನೆಯೇ ಏಳಲಿಲ್ಲ.

“ನಾವೆಲ್ಲ ಬಾಯಲ್ಲಿ ಹೇಳೋರು,” ಎಂದರು ವಕೀಲರು. “ಇವರು ಕಾಲಲ್ಲಿ ಹೇಳಿದವರು!”

“ನಾಯಕತ್ವ ಅಂದ್ರೆ ಹಾಗಿರಬೇಕು,” ಎಂದರು ಡಾಕ್ಟರಮ್ಮ. “ಆ ಮೇಡಂ ಇದಾರೆ ನೋಡಿ, ಒಂದು ದಿನ ಗದರಿದ್ದಿಲ್ಲ. ಮಕ್ಕಳಿಗೆ ಹೆಡ್ ಮೇಡಂ ಕಂಡ್ರೆ ಹೆದರಿಕೆನೇ ಇಲ್ಲ. ನಗ್ತಾವೆ!”

“ನನ್ನ ಮಗನಂತೂ ಈಗ ಶಾಲೆಗೆ ಖುಷಿಯಾಗಿ ಹೋಗ್ತಿದಾನೆ,” ಎಂದು ಯಜಮಾನರು ಗಾಬರಿಯಿಂದ ಸೇರಿಸಿದರು.

ಆ ಸಮಿತಿಯಲ್ಲಿ ಒಂದು ವಿಶೇಷವಾದ ಸಭ್ಯತೆಯಿತ್ತು. ಪ್ರತಿಭಾ ತರಗತಿಯ ಬಗ್ಗೆ ಗಂಟೆಗಟ್ಟಲೆ ಮಾತಾಡಿದರೂ, ‘ನಿಮ್ಮ ಮಗು ಅಲ್ಲಿ ಹೇಗೆ ಓದ್ತಿದೆ?’ ಎಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಒಮ್ಮೆ ಮೇಷ್ಟ್ರು ಬಾಯಿತಪ್ಪಿ ವಕೀಲರ ಮಗಳ ಸುದ್ದಿ ಎತ್ತಿದಾಗ ಅವರು, “ಅದಿರಲಿ, ವಿಷಯಕ್ಕೆ ಬರೋಣ,” ಎಂದು ಕನ್ನಡಕ ಒರೆಸಿಕೊಂಡರು. ದೊಡ್ಡವರು ಎಷ್ಟು ವಿನಯವಂತರು ಎಂದು ಮೇಷ್ಟ್ರಿಗೆ ಬೆರಗಾಯಿತು. ತಮ್ಮ ಪಾಲಿಗಂತೂ ಅದು ಬಹಳ ಒಳ್ಳೆಯ ಪದ್ಧತಿ ಎನಿಸಿತು.

ಸಮಿತಿ ಠರಾವು ಮಾಡಿದಾಗಲೆಲ್ಲ ಅಧ್ಯಕ್ಷರ ಗೌರವಾರ್ಥ ಎಲ್ಲರೂ ಒಟ್ಟಿಗೆ ಬಲಗಾಲು ಬಡಿಯುವ ರೂಢಿ ಬಂತು. ಧಡ್ ಎಂದಾಗಲೆಲ್ಲ ಕಪಾಟಿನಲ್ಲಿ ಸೀಸೆಗಳು ಗಿಲಿಗಿಲಿ ಎನ್ನುತ್ತಿದ್ದವು. ಎರಡು ದಿನದಲ್ಲಿ ಅದು ಬೀದಿಗಿಳಿಯಿತು. ತರಕಾರಿ ಮಾರುವವನೂ ಮೇಷ್ಟ್ರನ್ನು ಕಂಡು ಕಾಲು ಬಡಿದು ನಕ್ಕ. ಹೆಂಡತಿಯ ಅಣ್ಣ ಫೋನು ಮಾಡಿದರು.

“ಏನ್ ಭಾವಾ, ನೀವು ನಾಯಕರಾಗಿದೀರಂತೆ! ನಮ್ಮ ತಂಗಿ ಹೇಳಿದ್ಲು. ನಾನು, ‘ಬೇರೆ ಯಾರೋ ಇರಬೇಕು, ಸರಿಯಾಗಿ ವಿಚಾರಿಸಮ್ಮ’ ಅಂದೆ.”

ಮೇಷ್ಟ್ರ ಕಾಲು ತುಳಿಯಿತು. ಫೋನಿನಾಚೆ ಭಾವಮೈದ ಅದನ್ನು ಹೋರಾಟದ ಸದ್ದೆಂದೇ ತಿಳಿದು ಗೌರವದಿಂದ ಫೋನಿಟ್ಟರು. ಮದುವೆಯಾದ ಲಾಗಾಯ್ತು ಆ ಮನುಷ್ಯ ಗೌರವದಿಂದ ಮಾಡಿದ ಕೆಲಸ ಅದೊಂದೇ. ಮೇಷ್ಟ್ರಿಗೆ ಒಳಗೊಳಗೇ ಹಿತವಾಯಿತು ಅನ್ನುವುದನ್ನು ಮುಚ್ಚಿಡಬಾರದು. ಎದೆ ಒಂದಿಷ್ಟು ಮುಂದೆ ಬಂತು. ಕನ್ನಡಿಯ ಮುಂದೆ ನಿಂತು ಕಾಲು ಬಡಿಯುವಾಗ ಯಾವ ಕೈ ಎತ್ತಿದರೆ ಚೆನ್ನ ಎಂದು ನೋಡಿಕೊಂಡರು.

ಹಾಗೆ ನೋಡಿಕೊಳ್ಳುತ್ತಿದ್ದಾಗಲೇ ಮಗಳು ಶಾಲೆಯಿಂದ ಬಂದಳು. ಚೀಲವನ್ನು ಎಂದಿನಂತೆ ಎಸೆಯದೆ ಮೆಲ್ಲಗೆ ಕೆಳಗಿಟ್ಟಳು. ಅದು ಒಳ್ಳೆಯ ಲಕ್ಷಣವಲ್ಲ.

“ಅಪ್ಪ, ಇನ್ಮೇಲೆ ನನ್ನನ್ನ ಶಾಲೆ ತನಕ ಬಿಡೋಕೆ ಬರಬೇಡ.”

“ಯಾಕಮ್ಮ?”

“ಎಲ್ಲರೂ ನನ್ನ ನೋಡಿ ಕಾಲು ಬಡೀತಾರೆ.”

“ಬಡೀಲಿ ಬಿಡು. ನಿಮ್ಮಪ್ಪ ಒಂದು ತರಗತಿ ಮುಚ್ಚೋದನ್ನ ತಪ್ಪಿಸಿದಾನೆ!”

ಮಗಳು ಅವರನ್ನೇ ನೋಡಿದಳು. “ಮುಚ್ಚೋದಾ? ಮೇಡಂ ಏನು ಹೇಳಿದ್ರು ಅಂತ ನಿಂಗೆ ಗೊತ್ತಾ?”

ಮೇಷ್ಟ್ರು ಎತ್ತಿದ್ದ ಕೈಯನ್ನು ಮೆಲ್ಲಗೆ ಇಳಿಸಿದರು.

“ಇನ್ಮೇಲೆ ಯಾರು ಬೇಕಾದ್ರೂ ಶನಿವಾರ ಬಂದು ಆ ತರಗತೀಲಿ ಕೂರಬಹುದು ಅಂತ ಹೇಳಿದ್ದು. ಆಯ್ಕೆ ಗೀಯ್ಕೆ ಇಲ್ಲ, ಕಲಿಯೋಕೆ ಇಷ್ಟ ಇದ್ರೆ ಸಾಕು ಅಂತ. ನಮಗೆಲ್ಲ ಸಭೆಗೆ ಮೊದಲೇ ಹೇಳಿದ್ರು, ನಾನು ಎಲ್ಲರಿಗಿಂತ ಮೊದಲು ಹೋಗಿ ಹೆಸರು ಕೊಟ್ಟಿದ್ದೆ. ಈ ಶನಿವಾರ ಶುರುವಾಗಬೇಕಿತ್ತು.” ಅವಳು ಅವರ ಬಲಗಾಲನ್ನು ನೋಡಿದಳು. “ನೀನು ಕಾಲು ಬಡಿದೆ. ನಿಂತೋಯ್ತು.”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

“ಅದೂ ಅಲ್ಲದೆ, ನಾನು ಸೆಲೆಕ್ಟ್ ಆಗಿದೀನಂತೆ. ಮೊದಲನೇ ಸಾಲಂತೆ. ಔಷಧಿ ಅಂಗಡಿ ಅಂಕಲ್ ಶಾಲೆ ಗೇಟಲ್ಲಿ ಎಲ್ಲರ ಮುಂದೆ ನನ್ನ ಬೆನ್ನು ತಟ್ಟಿದ್ರು. ಪಕ್ಕದಲ್ಲಿ ಅವರ ಮಗ ತಲೆ ತಗ್ಗಿಸಿಕೊಂಡು ನಿಂತಿದ್ದ.”

“ಅದು… ಏನಾಯ್ತು ಅಂದ್ರೆ ಮಗಳೇ, ಮೆಟ್ಟಿಲ ಮೇಲೆ…”

“ಸೀಟು ಸಿಗಲಿಲ್ಲ ಅಂತ ನಂಗೆ ಒಂದು ರಾತ್ರಿ ಬೇಜಾರಾಯ್ತು ಅಪ್ಪ. ಬೆಳಗ್ಗೆ ಹೋಯ್ತು. ಅದನ್ನ ನಾಲ್ಕು ಜನರಿಗೆ ಹೇಳೋಕೆ ನಿಂಗೆ ನಾಚಿಕೆ ಆಯ್ತಲ್ಲ, ಆ ಬೇಜಾರು ಹೋಗ್ತಾ ಇಲ್ಲ.”

ಇಷ್ಟು ಹೇಳಿ ಅವಳು ಒಳಗೆ ಹೋದಳು. ಮೇಷ್ಟ್ರ ಬಲಗಾಲು ಮೇಲೆದ್ದು ಅಲ್ಲೇ ನಿಂತಿತು. ಯಾವ ಕಾರೂ ಎದುರಿಗೆ ಬರುತ್ತಿರಲಿಲ್ಲ. ತುಳಿಯಲು ಏನೂ ಇರಲಿಲ್ಲ.

ಆವತ್ತಿನಿಂದ ಮಗಳು ಅಪ್ಪನ ಜೊತೆ ಮಾತಾಡುವುದನ್ನು ಬಿಟ್ಟಳು. ಜಗಳವೇನಿಲ್ಲ, ಎಲ್ಲವೂ ಅಮ್ಮನ ಮೂಲಕ. “ಅಮ್ಮ, ದಿನಪತ್ರಿಕೆ ಓದಿ ಆಯ್ತಾ ಕೇಳು.” “ಅಮ್ಮ, ಫ್ಯಾನು ಜೋರು ಮಾಡಬೇಕಂತಾ ಕೇಳು.” ಒಂದೇ ಮೇಜಿನ ಎರಡು ತುದಿಯಲ್ಲಿ ಕೂತವರ ಮಾತನ್ನು ಅತ್ತಿಂದಿತ್ತ ಸಾಗಿಸಿ ಸಾಗಿಸಿ ಹೆಂಡತಿಗೆ ಊಟವೇ ಸೇರದಂತಾಯಿತು.

“ನೀವಾಗೇ ಹೋಗಿ ಆ ಅಧ್ಯಕ್ಷಗಿರಿ ಬಿಸಾಕಿ ಬನ್ನಿ,” ಎಂದು ಕೊನೆಗೆ ಅವಳು ಗುಡುಗಿದಳು. “ಇಲ್ಲಾಂದ್ರೆ ನಾನೂ ಮಾತು ಬಿಡ್ತೀನಿ. ಆಮೇಲೆ ನಿಮಗೆ ಫ್ಯಾನಿನ ವಿಷಯ ಕೇಳೋರೂ ಇರಲ್ಲ.”

ಮೇಷ್ಟ್ರು ಔಷಧಿ ಅಂಗಡಿಗೆ ಹೋಗಿ, “ನಾನು ರಾಜೀನಾಮೆ ಕೊಡ್ತೀನಿ,” ಎಂದರು. ಯಜಮಾನರ ಕಣ್ಣು ಹೊಳೆಯಿತು. ಗಿರಾಕಿಗಳನ್ನು ಬಿಟ್ಟು ಹೊರಗೆ ಬಂದು ಅವರನ್ನು ತಬ್ಬಿಕೊಂಡರು. “ಎಂಥಾ ತಂತ್ರ ಮೇಷ್ಟ್ರೇ! ಬೇಸತ್ತ ಅಧ್ಯಕ್ಷರಿಂದ ರಾಜೀನಾಮೆಯ ಬೆದರಿಕೆ! ಮೇಡಂ ನಡುಗಬೇಕು!” ಸಂಜೆಯೊಳಗೆ ಸುದ್ದಿ ಊರೆಲ್ಲ ಹಬ್ಬಿತು. ತರಕಾರಿಯವನು ಎರಡು ಸಲ ಕಾಲು ಬಡಿದ.

ಡಾಕ್ಟರಮ್ಮ ತಿಳಿವಳಿಕೆಯುಳ್ಳವರು, ಅವರಿಗಾದರೂ ಹೇಳೋಣವೆಂದು ಮೇಷ್ಟ್ರು ದವಾಖಾನೆಗೆ ಹೋದರು. ಅಲ್ಲಿ ಮಾತಾಡಲು ಇದ್ದದ್ದು ಹಲ್ಲು ಕೀಳುವ ಕುರ್ಚಿಯೊಂದೇ. ಕೂತದ್ದೇ ತಡ, ಅದು ಹಿಂದಕ್ಕೆ ವಾಲಿತು. “ಬಾಯಿ ತೆಗೀರಿ, ಹೇಗೂ ಬಂದಿದೀರಿ, ಒಮ್ಮೆ ನೋಡೇಬಿಡ್ತೀನಿ,” ಎಂದು ಡಾಕ್ಟರಮ್ಮ ಕನ್ನಡಿ ತೂರಿಸಿದರು.

“ಆಂ… ಆಆ… ಆಂ,” ಎಂದರು ಮೇಷ್ಟ್ರು. ‘ನನಗೆ ಅಧ್ಯಕ್ಷ ಪದವಿ ಬೇಡ’ ಎಂಬುದು ಅದರ ಅರ್ಥ.

“ನೀವೇನೂ ಹೇಳಬೇಡಿ, ನಂಗೆ ಅರ್ಥವಾಗುತ್ತೆ. ಬುಧವಾರ ಅಧಿಕಾರಿಗಳ ಹತ್ರ ನೀವೇ ಮೊದಲು ಮಾತಾಡಬೇಕು ಅಲ್ವಾ? ಮಾತಾಡಿ! ನಾವೆಲ್ಲ ನಿಮ್ಮ ಹಿಂದೆ ಇದೀವಿ. ಇದೇನಿದು, ಒಳಗಿನ ಹಲ್ಲು ಅಲ್ಲಾಡ್ತಿದೆ?”

ಮೇಷ್ಟ್ರು ಬಂದದ್ದು ಪದವಿ ಕಳೆದುಕೊಳ್ಳಲು. ಹೋಗುವಾಗ ಕಳೆದುಕೊಂಡದ್ದು ಹಲ್ಲನ್ನು.

ಬುಧವಾರ ಶಾಲೆಯ ಮೇಲಧಿಕಾರಿಗಳ ಬಳಿಗೆ ನಿಯೋಗ ಹೊರಟಿತು. ಎಲ್ಲರೂ ಒಂದೇ ವಾಹನದಲ್ಲಿ ಹೋದರೆ ಒಗ್ಗಟ್ಟು ಕಾಣುತ್ತದೆ ಎಂದು ವಕೀಲರು ಸಲಹೆ ಕೊಟ್ಟಿದ್ದರಿಂದ ಕಲಿಕೆಯ ಕಾರೇ ಗತಿಯಾಯಿತು. ತಲೆಯ ಮೇಲೆ ‘ಕಲಿಯುತ್ತಿದ್ದಾರೆ, ದೂರವಿರಿ’ ಎಂಬ ಫಲಕ. ಅಧ್ಯಕ್ಷರು ತಾವೇ ಕಾರು ಓಡಿಸುವುದು ಸ್ಥಾನಕ್ಕೆ ತಕ್ಕದ್ದಲ್ಲ ಎಂದು ಡಾಕ್ಟರಮ್ಮ ಸ್ಟೀರಿಂಗು ಹಿಡಿದರು. ಮೇಷ್ಟ್ರು ತಮ್ಮ ಬ್ರೇಕಿನ ಬಳಿಯೇ ಕೂತರು. ಅಧಿಕಾರಿಯ ಕಚೇರಿ ಹತ್ತಿರವಾದಷ್ಟೂ ಅವರ ದಿಗಿಲು ಹೆಚ್ಚಿತು. ದಿಗಿಲಾದಾಗಲೆಲ್ಲ ಕಾಲು ತುಳಿಯಿತು. ತುಳಿದಾಗಲೆಲ್ಲ ಹಿಂದೆ ಕೂತ ವಕೀಲರ ಮೂಗು ಮುಂದಿನ ಸೀಟಿಗೆ ಬಡಿಯಿತು. ಕಚೇರಿ ತಲುಪುವಷ್ಟರಲ್ಲಿ ಕಾನೂನು ಸಲಹೆಗಾರರು ಕರವಸ್ತ್ರ ಹಿಡಿದುಕೊಂಡೇ ಇಳಿದರು.

ಅಧಿಕಾರಿಗಳು ಮಧ್ಯಾಹ್ನದ ಊಟದ ಡಬ್ಬಿಯನ್ನು ಮೇಜಿನ ಮೇಲಿಟ್ಟುಕೊಂಡು ಅದರ ಮೇಲೆ ಕೈಯಿಟ್ಟುಕೊಂಡಿದ್ದರು. ಮೂಲೆಯ ಕುರ್ಚಿಯಲ್ಲಿ ಹೆಡ್ ಮೇಡಂ ಮಡಿಲಲ್ಲಿ ಛತ್ರಿ ಇಟ್ಟುಕೊಂಡು ಕೂತಿದ್ದರು. ವಕೀಲರು ಮೂಗಿನಿಂದಲೇ ಮಾತಾಡಿದರು. ಶಾಲೆಯಲ್ಲಿ ಶಿಸ್ತು ಹೋಯಿತು, ನಾಯಕತ್ವ ಹೋಯಿತು, ಬೋರ್ಡು ಹೋಯಿತು. ಪ್ರತಿಭೆಯ ಪಕ್ಕದಲ್ಲಿ ಯಾರ್ಯಾರನ್ನೋ ತಂದು ಕೂರಿಸಿದರೆ ಪ್ರತಿಭೆಯ ಗತಿಯೇನು?

“ನಮ್ಮ ಮಕ್ಕಳು ಕಷ್ಟಪಟ್ಟು ಗಳಿಸಿದ ಸೀಟು ಸಾರ್!” ಎಂದು ಯಜಮಾನರು ಎದೆ ಮುಟ್ಟಿಕೊಂಡರು.

“ನೀವೇನು ಹೇಳ್ತೀರಿ ಮೇಡಂ?” ಎಂದರು ಅಧಿಕಾರಿ, ಡಬ್ಬಿಯ ಮುಚ್ಚಳ ಸವರುತ್ತ.

“ನಾನು ಹೇಳೋದು ಕಡಿಮೆ ಸಾರ್. ಆದರೆ ಈ ಅಧ್ಯಕ್ಷರ ಮೇಲೆ ನನಗೆ ಬಹಳ ಗೌರವ ಇದೆ,” ಎಂದು ಮೇಡಂ ಮೆತ್ತಗೆ ಹೇಳಿದರು. “ಇವರ ಮಗಳಿಗೆ ಆ ತರಗತೀಲಿ ಸೀಟು ಸಿಕ್ಕಿಲ್ಲ. ಆದರೂ ಸೀಟು ಸಿಕ್ಕಿದ ಬೇರೆಯವರ ಮಕ್ಕಳಿಗೋಸ್ಕರ ಓಡಾಡ್ತಿದಾರೆ. ಇಷ್ಟು ನಿಃಸ್ವಾರ್ಥಿ ಪೋಷಕರನ್ನ ನಾನು ಕಂಡಿಲ್ಲ.”

ಮೇಲೆ ಫ್ಯಾನು ತಿರುಗುತ್ತಿತ್ತು. ಯಜಮಾನರು ಮೇಷ್ಟ್ರ ಕಡೆಗೆ ತಿರುಗಿದರು. ಡಾಕ್ಟರಮ್ಮನ ಬಾಯಿ ಈ ಸಲ ತಾನಾಗಿಯೇ ತೆರೆಯಿತು.

“ಹೌದಾ!” ಎಂದು ಅಧಿಕಾರಿ ಎದ್ದು ಕೂತರು. “ಹಾಗಾದ್ರೆ ನಿಮ್ಮ ಮಾತಿಗೇ ತೂಕ ಜಾಸ್ತಿ. ನಿಮಗೆ ಇದರಲ್ಲಿ ಲಾಭ ಇಲ್ಲ, ನಷ್ಟ ಇಲ್ಲ. ಹೇಳಿ, ತರಗತಿ ಇದ್ದ ಹಾಗೇ ಇರಬೇಕಾ? ಎಲ್ಲರಿಗೂ ತೆಗೀಬೇಕಾ?”

ಒಂದು ಸಲ ತಲೆಯಾಡಿಸಿದ್ದರೆ ಸಾಕಿತ್ತು. ಸುಳ್ಳುಗಾರರಾಗಿ ಒಳಗೆ ಬಂದ ಮೇಷ್ಟ್ರು ಮಹಾತ್ಮರಾಗಿ ಹೊರಗೆ ಹೋಗಬಹುದಿತ್ತು. ಭಾವಮೈದ ಜೀವಮಾನವಿಡೀ ಗೌರವದಿಂದ ಫೋನಿಡುತ್ತಿದ್ದರು. ಮಗಳ ಪಾಲಿನ ಸೀಟು ಮಾತ್ರ ಕೈತಪ್ಪುತ್ತಿತ್ತು. ಮೇಷ್ಟ್ರು ಕುರ್ಚಿಯ ಕೈ ಹಿಡಿದು ಎದ್ದರು.

“ನಾನು ನಿಃಸ್ವಾರ್ಥಿ ಅಲ್ಲ ಸಾರ್. ಆವತ್ತು ಸಭೇಲಿ ನಿದ್ದೆ ಮಾಡ್ತಿದ್ದೆ. ಕನಸಲ್ಲಿ ಹಾಲಿನ ವ್ಯಾನು ಬಂತು, ಬ್ರೇಕು ಹಾಕಿದೆ. ಅಷ್ಟೇ ನನ್ನ ಹೋರಾಟ. ನನ್ನ ಮಗಳು ಪರೀಕ್ಷೆ ಬರೆದ್ಲು, ಸೀಟು ಸಿಗಲಿಲ್ಲ.” ಇನ್ನೊಮ್ಮೆ, ಈ ಸಲ ಗಟ್ಟಿಯಾಗಿ ಹೇಳಿದರು. “ಸಿಗಲಿಲ್ಲ. ಅದನ್ನ ಹೇಳೋಕೆ ಮುಖ ಇಲ್ಲದೆ ಸಿಕ್ಕಿತು ಅಂತ ಸುಳ್ಳು ಹೇಳಿದೆ. ಅವಳಿಗೆ ಕಲಿಯೋಕೆ ಆಸೆ ಇದೆ ಸಾರ್. ಎಲ್ಲರಿಗೂ ತೆಗೀಬೇಕು.”

“ಮೋಸ!” ಎಂದು ವಕೀಲರು ಕರವಸ್ತ್ರ ಕಿತ್ತೆಸೆದರು.

“ಸೀಟು ಸಿಗದೋರು ನಮ್ಮ ನಡುವೆ ಕೂತು, ನಮ್ಮ ಅಂಗಡೀಲೇ ಕೂತು…” ಎಂದು ಯಜಮಾನರು ಕೆಂಪಾಗಿ ಎದ್ದು ನಿಂತರು.

“ನೀವು ಕೂತ್ಕೊಳ್ಳಿ,” ಎಂದರು ಮೇಡಂ, ಅಷ್ಟೇ ಮೆತ್ತಗೆ. “ನಿಃಸ್ವಾರ್ಥ ಅಂತ ನಾನು ಹೇಳಿದ್ದು ನಿಮಗೂ ಸೇರುತ್ತೆ.”

ಯಜಮಾನರು ಕೂತರು. ಅಷ್ಟು ಬೇಗ ಯಾರೂ ಕೂತದ್ದನ್ನು ಆ ಕಚೇರಿ ಕಂಡಿರಲಿಕ್ಕಿಲ್ಲ.

“ಏನಿದರ ಅರ್ಥ?” ಎಂದರು ಅಧಿಕಾರಿ.

“ಇಲ್ಲಿ ಬಂದಿರೋ ಯಾರ ಮಕ್ಕಳಿಗೂ ಆ ತರಗತೀಲಿ ಸೀಟು ಸಿಕ್ಕಿಲ್ಲ ಸಾರ್.”

ಡಾಕ್ಟರಮ್ಮ ಚಾವಣಿಯನ್ನು ಪರೀಕ್ಷಿಸತೊಡಗಿದರು. ವಕೀಲರು ಎಸೆದ ಕರವಸ್ತ್ರವನ್ನು ಹುಡುಕಲು ಮೇಜಿನ ಕೆಳಗೆ ಬಗ್ಗಿದವರು ಬಹಳ ಹೊತ್ತು ಮೇಲೆ ಬರಲಿಲ್ಲ.

“ಹಾಗಾದ್ರೆ ಸೀಟು ಸಿಕ್ಕಿದ ಮಕ್ಕಳ ಅಪ್ಪ ಅಮ್ಮಂದಿರು?”

“ಅವರದೇನೂ ತಕರಾರಿಲ್ಲ ಸಾರ್. ಇನ್ನಷ್ಟು ಜನ ಬಂದ್ರೆ ಜೊತೆ ಸಿಗುತ್ತೆ ಅಂತ ಮಕ್ಕಳೇ ಹೇಳಿದವಂತೆ.”

ಅಧಿಕಾರಿ ಒಬ್ಬೊಬ್ಬರ ಮುಖವನ್ನೂ ನೋಡಿದರು. ನೋಡುತ್ತಲೇ ಡಬ್ಬಿಯ ಮುಚ್ಚಳ ತೆಗೆದರು. “ಹಾಗಾದ್ರೆ ಬಾಗಿಲು ತೆಗೆದುಬಿಡಿ. ಹೋಗೋವಾಗ ಈ ಬಾಗಿಲು ಎಳೆದುಕೊಂಡು ಹೋಗಿ,” ಎಂದು ಊಟ ಶುರುಮಾಡಿದರು.

ವಾಪಸು ಬರುವಾಗ ಕಾರಿನಲ್ಲಿ ಎಲ್ಲರೂ ಕಿಟಕಿಯಾಚೆ ನೋಡುತ್ತಿದ್ದರು. ಅರ್ಧ ದಾರಿಯಲ್ಲಿ ಯಜಮಾನರು, “ಫ್ಯಾನು ಚೆನ್ನಾಗಿತ್ತು, ಅಲ್ವಾ, ಆ ಆಫೀಸಲ್ಲಿ?” ಎಂದರು. ಎಲ್ಲರೂ ಬಹಳ ಚೆನ್ನಾಗಿತ್ತು ಎಂದರು.

ಮನೆಗೆ ಬಂದು ಮೇಷ್ಟ್ರು ನಡೆದದ್ದನ್ನೆಲ್ಲ ಹೆಂಡತಿಗೆ ಹೇಳಿದರು, ಮಗಳಿಗೆ ಕೇಳಿಸುವಷ್ಟು ಗಟ್ಟಿಯಾಗಿ. “ಔಷಧಿಯವರ ಮಗನಿಗೂ ಸಿಕ್ಕಿರಲಿಲ್ಲವಂತೆ ಕಣೇ! ಯಾರಿಗೂ ಗೊತ್ತಿರಲಿಲ್ಲ!”

“ಅಮ್ಮ, ಮಕ್ಕಳಿಗೆಲ್ಲ ಗೊತ್ತಿತ್ತು ಅಂತ ಹೇಳು,” ಎಂದಳು ಮಗಳು ಪುಸ್ತಕದಿಂದ ತಲೆಯೆತ್ತದೆ.

“ಸಾಹೇಬರ ಮುಂದೆ ನಿಜ ಹೇಳಿದೆ. ಎರಡು ಸಲ ಹೇಳಿದೆ.”

“ಸಾಹೇಬರು ನಮ್ಮ ಬೀದೀಲಿಲ್ಲ ಅಂತ ಹೇಳಮ್ಮ.”

ಹೆಂಡತಿ ಗಂಡನ ಮುಖ ನೋಡಿ, “ಕೇಳಿಸ್ತಲ್ಲ, ನಾನೇನೂ ಹೇಳಲ್ಲ,” ಎಂದು ಒಳಗೆ ಹೋದಳು.

ಶನಿವಾರ ಮಗಳು ಪ್ರತಿಭಾ ತರಗತಿಗೆ ಹೋದಳು. ಸಂಜೆ ಮೆಟ್ಟಿಲನ್ನು ಹಾರಿ ಹಾರಿ ಹತ್ತಿ ಬಂದು, ಚೀಲವನ್ನು ಮೂಲೆಗೆ ಎಸೆದು, “ಅಮ್ಮಾ! ಎಷ್ಟು ಕಷ್ಟ ಗೊತ್ತಾ! ಮೊದಲನೇ ದಿನಾನೇ ಪರೀಕ್ಷೆ ಕೊಟ್ರು. ಐವತ್ತಕ್ಕೆ ಹನ್ನೊಂದು ಬಂತು. ಆದರೆ ಆ ಹನ್ನೊಂದೂ ನಾನೇ ಯೋಚನೆ ಮಾಡಿ ಬಿಡಿಸಿದ್ದು!” ಎಂದಳು. ಮುಖ ಅರಳಿತ್ತು. ಮೇಷ್ಟ್ರಿಗೆ ಮೊದಲು ‘ಹನ್ನೊಂದಾ’ ಎಂದು ಎದೆ ಧಸಕ್ಕೆಂದಿತು. ಆಮೇಲೆ ಆ ಮುಖವನ್ನು ಇನ್ನೊಮ್ಮೆ ನೋಡಿದರು. ಚಪ್ಪಲಿ ಮೆಟ್ಟಿ ಕೆಳಗಿಳಿದರು.

ಔಷಧಿ ಅಂಗಡಿಯಲ್ಲಿ ಸಂಜೆಯ ಗಿರಾಕಿಗಳು ತುಂಬಿದ್ದರು. ಡಾಕ್ಟರಮ್ಮನೂ ಏನೋ ಕೊಳ್ಳಲು ಬಂದಿದ್ದರು. ಮೇಷ್ಟ್ರು ಎಲ್ಲರನ್ನೂ ಸರಿಸಿಕೊಂಡು ಮುಂದೆ ಹೋಗಿ ಗಲ್ಲಾದ ಮೇಲೆ ಕೈಯೂರಿದರು.

“ಯಜಮಾನ್ರೇ, ನನ್ನ ಮಗಳಿಗೆ ಹನ್ನೊಂದು ಬಂತು! ಐವತ್ತಕ್ಕೆ ಹನ್ನೊಂದು!”

ಯಜಮಾನರು ಕಕ್ಕಾಬಿಕ್ಕಿಯಾದರು. ಅಭಿನಂದಿಸುವುದೋ ಸಮಾಧಾನ ಹೇಳುವುದೋ ತಿಳಿಯದೆ ಅರ್ಧ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. “ಓ… ಹನ್ನೊಂದಾ… ಅಂದ್ರೆ…”

“ಸೀಟು ಸಿಗದೇ ಇದ್ದ ಹುಡುಗಿ ರೀ! ಆ ಪರೀಕ್ಷೇಲಿ ಸೋತವಳು! ಇವತ್ತು ಹನ್ನೊಂದು, ಅದೂ ತಾನೇ ಯೋಚನೆ ಮಾಡಿ! ನಿಮ್ಮ ಮಗನಿಗೆಷ್ಟು?”

ಯಜಮಾನರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಬಗ್ಗಿ ಪಿಸುಗುಟ್ಟಿದರು. “ಒಂಬತ್ತು.”

“ಗಟ್ಟಿಯಾಗಿ ಹೇಳ್ರೀ, ಅವನೂ ಕಷ್ಟಪಟ್ಟಿದಾನೆ!”

“ಒಂಬತ್ತು!” ಎಂದು ಯಜಮಾನರು ಕೂಗಿಬಿಟ್ಟರು. ಕೂಗಿದ ಮೇಲೆ ಅವರ ಮುಖದಲ್ಲಿ ಏನೋ ಹಗುರಾಯಿತು. ಕೆಮ್ಮಿನ ಔಷಧಿಗೆ ಕಾಯುತ್ತಿದ್ದ ಮುದುಕರೊಬ್ಬರು ಇದು ಒಳ್ಳೆಯ ಸುದ್ದಿಯೇ ಇರಬೇಕೆಂದು ಕೆಮ್ಮುತ್ತಲೇ ಚಪ್ಪಾಳೆ ತಟ್ಟಿದರು.

“ನಮ್ಮವನಿಗೆ ಹದಿಮೂರು,” ಎಂದು ಡಾಕ್ಟರಮ್ಮ ಗರ್ವದಿಂದ ಹೇಳಿದರು.

ಮೇಷ್ಟ್ರು ತರಕಾರಿಯವನಿಗೆ ಹೇಳಿದರು. ಇಸ್ತ್ರಿ ಅಂಗಡಿಯವನಿಗೆ ಹೇಳಿದರು. ನಡುಬೀದಿಯಲ್ಲೇ ನಿಂತು ಭಾವಮೈದನಿಗೆ ಫೋನು ಮಾಡಿ, “ಹನ್ನೊಂದು! ಹೌದು, ಐವತ್ತಕ್ಕೇ!” ಎಂದು ಕೂಗುತ್ತಿದ್ದಾಗ ಮೇಲಿನ ಬಾಲ್ಕನಿಯ ಬಾಗಿಲು ಪಟ್ಟನೆ ತೆರೆಯಿತು. ಮಗಳು ಕಂಬಿ ಹಿಡಿದು ಬಗ್ಗಿ ನಿಂತಿದ್ದಳು. ಮುಖ ನಾಚಿಕೆಯಿಂದ ಕೆಂಪಾಗಿತ್ತು, ನಗು ತಡೆಯಲು ಆಗುತ್ತಿರಲಿಲ್ಲ.

“ಅಪ್ಪಾ! ಸಾಕು! ಮೇಲೆ ಬಾ!”

ಅಮ್ಮನಿಗಲ್ಲ, ನೇರವಾಗಿ ತಮಗೇ ಹೇಳಿದ್ದು. ಮೇಷ್ಟ್ರು ಫೋನನ್ನು ಹಾಗೇ ಜೇಬಿಗಿಳಿಸಿ, ಭಾವಮೈದ ಒಳಗಿಂದ ಹಲೋ ಹಲೋ ಎನ್ನುತ್ತಿರುವಂತೆಯೇ, ಮನೆಗೆ ಓಡಿದರು.